ಉಗುಳಬಾರದ ಮಣ್ಣು

ಕುಬಿಹಾಳದ ಭರಮಪ್ಪ ಉಸ್ತಾದನ ಕೈ ಎಂಥದ್ದೆಂದು ತಿಳಿಯಬೇಕಾದರೆ ಅವನ ಶಿಷ್ಯರ ಕಿವಿ ನೋಡಬೇಕು. ಒಂದೊಂದೂ ಒಣ ಅಂಜೂರದ ಹಾಗೆ ಮುರುಟಿಕೊಂಡಿವೆ. ಕುಸ್ತಿಯಲ್ಲಿ ತಲೆಗೆ ತಲೆ ಉಜ್ಜಿ ಆದದ್ದು ಅರ್ಧ, ಉಸ್ತಾದನ ಅಂಗೈಯಿಂದ ಆದದ್ದು ಇನ್ನರ್ಧ. ಪಟ್ಟು ತಪ್ಪಿದರೆ ಏಟು, ತಡವಾಗಿ ಬಂದರೆ ಏಟು, ಏಟು ಬಿದ್ದಾಗ ‘ಯವ್ವಾ’ ಅಂದರೆ ಅದಕ್ಕೊಂದು ಬೇರೆ ಏಟು. ಊರವರು ಇದನ್ನು ತಪ್ಪೆಂದೇನೂ ತಿಳಿದಿರಲಿಲ್ಲ. ತಾವೇ ಮಕ್ಕಳನ್ನು ಕರೆತಂದು ಗರಡಿಯ ಬಾಗಿಲಲ್ಲಿ ಬಿಟ್ಟು, ಮನೆಯಲ್ಲಿ ಒಂದು ಕಾಟ ಕಮ್ಮಿಯಾಯಿತೆಂದು ಹೊರಟುಬಿಡುತ್ತಿದ್ದರು.

ಗರಡಿಯಲ್ಲಿ ಎರಡು ಕಟ್ಟಳೆ. ಕಣದ ಕೆಂಪು ಮಣ್ಣಿನ ಮೇಲೆ ಉಗುಳಬಾರದು. ಎಣ್ಣೆ, ಅರಿಷಿಣ, ಮಜ್ಜಿಗೆ ಹಾಕಿ ಹದ ಮಾಡಿದ ಮಣ್ಣು ಅದು, ದಿನಾ ಹಣೆಗೆ ಹಚ್ಚಿಕೊಂಡೇ ಇಳಿಯಬೇಕು. ಇನ್ನೊಂದು, ಉಸ್ತಾದ ಕುಡಿಯಲು ಏನು ಕೊಟ್ಟರೂ ಒಂದೇ ಉಸಿರಿಗೆ ಕುಡಿಯಬೇಕು, ಮುಖ ಕಿವುಚಬಾರದು. ಬೇವಿನ ರಸವಿರಲಿ, ಹಸಿ ತತ್ತಿಯಿರಲಿ, ಬೆಳ್ಳುಳ್ಳಿ ಅರೆದ ಹಾಲಿರಲಿ. ಮುಖ ಕಿವುಚಿದವನು ಆ ದಿನ ಮಣ್ಣು ಮುಟ್ಟುವಂತಿಲ್ಲ. ಭರಮಪ್ಪನ ಮಗ ಬೀರಲಿಂಗ ಇನ್ನೂ ಹಾಲುಹಲ್ಲು ಬೀಳದ ವಯಸ್ಸಿನಲ್ಲೇ ಬೇವಿನ ರಸ ಗಟಗಟ ಕುಡಿದು ನಕ್ಕಿದ್ದ. ಆ ನಗುವನ್ನು ಭರಮಪ್ಪ ಇಂದಿಗೂ ಬಂದವರಿಗೆಲ್ಲ ಹೇಳುತ್ತಾನೆ. ಅಲ್ಲ, ಹೇಳುತ್ತಿದ್ದ.

ಇಷ್ಟೆಲ್ಲ ಗಟ್ಟಿ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಮೆತ್ತಗೆ. ಅದು ಪೇಪರು. ಬೆಳಗಿನ ಸಾಮು ಮುಗಿದ ಮೇಲೆ ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತು, ದಾರ ಕಟ್ಟಿದ ಚಷ್ಮಾ ಏರಿಸಿ, ಪೇಪರನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ರಾಜಕಾರಣ ಬೇಡ, ಚಿನ್ನದ ದರ ಬೇಡ. ಕುಸ್ತಿ ಸುದ್ದಿ ಇದ್ದರೆ ಅದು, ಇಲ್ಲದಿದ್ದರೆ ಆರೋಗ್ಯದ ಸುದ್ದಿ. "ನಮ್ಮಪ್ಪಗ ಓದಾಕ ಬರತಿರಲಿಲ್ಲ, ಅದಕ್ಕ ಮಂದಿ ಹೇಳಿದ್ದು ನಂಬತಿದ್ದ. ನನಗ ಬರತೈತಿ," ಎಂದು ಜಂಬ ಬೇರೆ. ಹೀಗೆ ಓದಿ ಓದಿ ಗರಡಿಯ ಊಟ ವರ್ಷಕ್ಕೆರಡು ಸಲ ಉಲ್ಟಾ ಆಗುತ್ತಿತ್ತು. ತುಪ್ಪ ಹೃದಯಕ್ಕೆ ಶತ್ರು ಎಂದು ಬಂದಾಗ ತುಪ್ಪದ ಡಬ್ಬಿ ಹೊರಬಿತ್ತು. ತುಪ್ಪವೇ ಹೃದಯಕ್ಕೆ ರಕ್ಷೆ ಎಂದು ಬಂದಾಗ ಡಬ್ಬಿ ಒಳಬಂತು. ಬೆಲ್ಲ ಒಂದು ಸುಗ್ಗಿಯಲ್ಲಿ ಅಮೃತವಾಗಿ ಮುಂದಿನ ಸುಗ್ಗಿಯಲ್ಲಿ ವಿಷವಾಯಿತು. ಹುಡುಗರು ಕೊಟ್ಟದ್ದನ್ನು ತಿಂದು ಸುಮ್ಮನಿದ್ದರು. ಕೇಳುವ ಧೈರ್ಯ ಯಾರಿಗಿತ್ತು?

ಈ ಬೇಸಿಗೆಯಲ್ಲಿ ಎಲ್ಲರ ಕಣ್ಣೂ ಬೀರಲಿಂಗನ ಮೇಲಿತ್ತು. ಧಾರವಾಡದಲ್ಲಿ ರಾಜ್ಯ ತಂಡದ ಆಯ್ಕೆ ಕುಸ್ತಿ. ಅದರಲ್ಲಿ ಗೆದ್ದರೆ ಮುಂದೆ ಪೊಲೀಸ್ ಕೆಲಸಕ್ಕೂ ದಾರಿ. ಬೀರಲಿಂಗ ಎಪ್ಪತ್ತೊಂಬತ್ತು ಕಿಲೊ ತೂಗುತ್ತಿದ್ದ. ಆ ತೂಕದ ವಿಭಾಗದಲ್ಲಿ ಹಳಿಯಾಳ ಕಡೆಯ ಒಬ್ಬ ಪೈಲವಾನ ಇದ್ದ. ಹೋದ ವರ್ಷ ಒಬ್ಬನ ಪಕ್ಕೆಲುಬು ಮುರಿದು, ಇನ್ನೊಬ್ಬನ ಭುಜ ಕಿತ್ತು ಕಳಿಸಿದ್ದ. ಎಪ್ಪತ್ನಾಲ್ಕಕ್ಕೆ ಇಳಿದರೆ ಬೀರಲಿಂಗನಿಗೆ ಸಾಟಿಯಿಲ್ಲ ಎಂಬುದು ಭರಮಪ್ಪನ ಲೆಕ್ಕ. ಐದು ಕಿಲೊ ಇಳಿಯಬೇಕು, ಬಲ ಇಳಿಯಬಾರದು.

ಆಗಲೇ ಪೇಪರಿನಲ್ಲಿ ಬಂತು ನೋಡಿ ಸುದ್ದಿ. ಮೊದಲ ಪುಟದ ತಳದಲ್ಲಿ, ದಪ್ಪ ಅಕ್ಷರದಲ್ಲಿ: ‘ಸೋರೆಕಾಯಿ ರಸ ಕುಡಿಯಿರಿ, ಎಂಟೇ ದಿನದಲ್ಲಿ ಐದು ಕಿಲೊ ಇಳಿಸಿರಿ! ವಿಜ್ಞಾನಿಗಳ ಬೆರಗಿನ ಸಂಶೋಧನೆ.’

"ಸೋರೆಕಾಯಿ ಅಂದ್ರ ನಮ್ಮ ಹಾಲಗುಂಬಳನ ಲೇ!" ಎಂದು ಭರಮಪ್ಪ ಕಲ್ಲಿನಿಂದ ಎದ್ದೇಬಿಟ್ಟ. ಗರಡಿಯ ತಗಡಿನ ಮೇಲೆಯೇ ಅವನ ಹೆಂಡತಿ ದುರ್ಗವ್ವ ಹಬ್ಬಿಸಿದ ಹಾಲಗುಂಬಳದ ಬಳ್ಳಿ ಇತ್ತು. "ಬೀರ್‍ಯಾ, ದೇವರು ಮನಿ ಮ್ಯಾಲನ ಔಷಧಿ ಇಟ್ಟಾನ ನೋಡು."

"ಉಳದದ್ದು ಏನ್ ಬರದಾರ್‍ರಿ? ‘ಏಳನೇ ಪುಟಕ್ಕೆ’ ಅಂತ ಐತಲ್ರಿ," ಎಂದವನು ಗೌರೀಶ. ಈರಬಸಪ್ಪ ಗೌಡರ ಮಗ, ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಓದುವವನು, ಕಣದಲ್ಲಿ ಬೀರಲಿಂಗನ ಖಾಯಂ ಜೋಡಿ. ಇಬ್ಬರೂ ಒಂದೇ ವರ್ಷ ಮಣ್ಣಿಗೆ ಇಳಿದವರು.

"ಏಳನೇ ಪುಟದ ಮ್ಯಾಲ ನಿಮ್ಮ ದುರ್ಗವ್ವ ಮೆಣಸಿನಕಾಯಿ ಹರವ್ಯಾಳ. ಬೇಕಾದ್ರ ಹೋಗಿ ನೆಕ್ಕು," ಎಂದ ಭರಮಪ್ಪ. ಎಲ್ಲರೂ ನಕ್ಕರು. ಗೌರೀಶನೂ ನಕ್ಕ.

ಅಂದಿನಿಂದ ಬೀರಲಿಂಗನಿಗೆ ಬೆಳಿಗ್ಗೆ ಒಂದು ದೊಡ್ಡ ಚರಿಗೆಯ ತುಂಬ ಹಾಲಗುಂಬಳದ ರಸ. ಜೊತೆಗೆ ರೊಟ್ಟಿ ಬಂದ್, ಅನ್ನ ಬಂದ್. ಬಿಸಿಲೇರಿದ ಮೇಲೆ ಮೈಮೇಲೆ ಕಂಬಳಿ ಹೊದ್ದು ಹೊಲದ ದಾರಿಯಲ್ಲಿ ಓಟ. ಬೆವರು ಹರಿದು ಕಂಬಳಿ ಹಿಂಡುವ ಹಾಗಾಗುತ್ತಿತ್ತು. ಕೆಲವೇ ದಿನಗಳಲ್ಲಿ ಎರಡು ಕಿಲೊ ಇಳಿಯಿತು. ಭರಮಪ್ಪ ತೂಕದ ಯಂತ್ರದ ಮುಂದೆ ತೊಡೆ ತಟ್ಟಿದ. ಪೇಪರು ಖರೇ ಹೇಳಿತ್ತು!

ಒಂದು ಬೆಳಿಗ್ಗೆ ಗೌರೀಶ ಮತ್ತು ಬೀರಲಿಂಗ ಕಣಕ್ಕೆ ಇಳಿದರು. ತೋಳಿಗೆ ತೋಳು ಬಿಗಿದು, ತಲೆಗೆ ತಲೆ ಗುದ್ದಿ, ಕೋಣಗಳಂತೆ ತಳ್ಳಾಡಿದರು. ಬೀರಲಿಂಗನ ಕಾಲು ನಡುಗಿತು. ಗೌರೀಶ ಅವನ ಸೊಂಟಕ್ಕೆ ಕೈ ಹಾಕಿ ಎತ್ತಿ, ನೆಲ ಅದುರುವಂತೆ ಒಗೆದ. ಬೀರಲಿಂಗನ ಮೂಗಿನಿಂದ ರಕ್ತ ಬಂತು. ಇಷ್ಟು ವರ್ಷದಲ್ಲಿ ಗೌರೀಶ ಅವನನ್ನು ಚಿತ್ ಮಾಡಿದ್ದು ಅದೇ ಮೊದಲು. ಗೆದ್ದವನ ಮುಖದಲ್ಲಿ ಖುಷಿ ಇರಲಿಲ್ಲ, ಗಾಬರಿ ಇತ್ತು.

"ಏಳಲೇ, ಹೆಣಾ! ಮತ್ತ ಹಿಡಿ!" ಎಂದು ಭರಮಪ್ಪ ಮಗನ ಪಕ್ಕೆಗೆ ಒದ್ದ.

"ಬ್ಯಾಡ್ರಿ ಉಸ್ತಾದರ, ಅಂವನಾಗ ತ್ರಾಣ ಇಲ್ಲ," ಎಂದು ಗೌರೀಶ ಅಡ್ಡ ಬಂದ. "ಆ ರಸ ನಿಲ್ಲಸ್ರಿ. ರೊಟ್ಟಿ ಬಿಟ್ಟಾನ, ಕಂಬಳಿ ಹೊತ್ತು ಓಡ್ಯಾನ. ತೂಕ ಇಳದದ್ದು ರಸದಿಂದನೋ, ಉಪಾಸದಿಂದನೋ ಹೆಂಗ್ ಹೇಳ್ತೀರಿ?"

"ಪೇಪರಿನಾಗ ಬಂದೈತಿ."

"ಬಂದಿರಬಹುದ್ರಿ. ಯಾರ ಮ್ಯಾಲ ನೋಡ್ಯಾರ? ಎಷ್ಟ್ ಮಂದಿ ಮ್ಯಾಲ ನೋಡ್ಯಾರ? ರಸ ಕುಡೀಲಾರದ ಮಂದೀನ್ನೂ ಬಾಜೂಕ ಇಟ್ಕೊಂಡು ನೋಡ್ಯಾರೋ ಇಲ್ಲೋ? ಅದೇನೂ ಗೊತ್ತಿಲ್ಲದ—"

ಮಾತು ಮುಗಿಯಲಿಲ್ಲ. ಭರಮಪ್ಪನ ಬಲಗೈ ಬೀಸಿ ಬಂದು ಗೌರೀಶನ ಎಡಗಿವಿಯ ಮೇಲೆ ಬಿತ್ತು. ಎಂಥ ಏಟು ಅದು! ಆ ಸದ್ದಿಗೆ ತಗಡಿನ ಮೇಲಿದ್ದ ಪಾರಿವಾಳಗಳು ಎದ್ದವು. ಗೌರೀಶ ಮೊಣಕಾಲೂರಿ ಕುಸಿದ. ಎದ್ದಾಗ ಕಿವಿಯಿಂದ ರಕ್ತದ ಒಂದು ಎಳೆ ಇಳಿದು ಕೊರಳಿನ ಲಿಂಗದ ದಾರಕ್ಕೆ ತಾಗುತ್ತಿತ್ತು. ಏನು ದೊಡ್ಡ ತಪ್ಪು ಕೇಳಿದ್ದ ಹುಡುಗ? ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರೂ ಅದಕ್ಕಿಂತ ಹೆಚ್ಚು ಕೇಳುತ್ತಾರೆ.

"ನಾಕ್ ಅಕ್ಷರ ಕಲತು ವಿಜ್ಞಾನಿಗೋಳಿಗೇ ಲೆಕ್ಕಾ ಕೇಳ್ತಿ? ಹೊರಗ ಹೋಗು. ಕರದಾಗ ಬಾ," ಎಂದ ಭರಮಪ್ಪ.

ಗೌರೀಶ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಹೊರಗೆ ಹೋದ. ಬೀರಲಿಂಗ ಮೂಗಿನ ರಕ್ತ ಒರೆಸಿಕೊಳ್ಳುತ್ತ ಅವನು ಹೋದ ದಾರಿಯನ್ನೇ ನೋಡಿದ.

ಮರುದಿನ ಬಳ್ಳಿಯ ಮುಂಭಾಗದ ಕಾಯಿ ಮುಗಿದಿದ್ದವು. ಹಿಂದಿನ ಗೋಡೆಯ ಕಡೆ, ನೀರು ಹೋಗದ ಜಾಗದಲ್ಲಿ, ಒಣಗಿದ ಕುಡಿಯಲ್ಲಿ ನಾಲ್ಕಾರು ಕಾಯಿ ಜೋತಿದ್ದವು. ನೋಡಲು ಮೊದಲಿನವುಗಳ ಹಾಗೆಯೇ ಹಸಿರು, ಹಾಗೆಯೇ ನುಣುಪು. ಭರಮಪ್ಪ ಎರಡು ಕೊಯ್ದು, ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಹಿಂಡಿದ. ಬೆರಳಿಗೆ ಅಂಟಿದ ಒಂದು ಹನಿ ನೆಕ್ಕಿದ. ಅಬ್ಬಾ, ಎಂಥ ಕಹಿ! ನಾಲಗೆ ಗಂಟಲಿನೊಳಕ್ಕೇ ಓಡಿಹೋದ ಹಾಗಾಯಿತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಬಚ್ಚಲಿಗೆ ಚೆಲ್ಲಿ ಮೂರು ಸಲ ಬಾಯಿ ಮುಕ್ಕಳಿಸುತ್ತಿದ್ದರು. ಭರಮಪ್ಪ ಹಿಗ್ಗಿದ. ಇಷ್ಟು ದಿನದ ರಸ ಸಪ್ಪಗಿತ್ತು, ಇದು ಅಸಲಿ ಔಷಧಿ ಎಂದುಕೊಂಡ. ಬೇವು ಕುಡಿಸಿ ಬೆಳೆಸಿದವನ ತಲೆಗೆ ಇನ್ನೇನು ಹೊಳೆಯಬೇಕು?

ಹುಡುಗರು ಸಾಲಾಗಿ ಕೂತಿದ್ದರು. ಬೀರಲಿಂಗ ಕಣದ ನಡುವೆ ನಿಂತು ಚರಿಗೆ ಎತ್ತಿದ. ಒಂದು ಗುಟುಕು ಒಳಗೆ ಹೋಯಿತು. ಅವನ ಕೈ ನಿಂತಿತು.

"ಅಪ್ಪಾ, ಭಾಳ ಕಹಿ ಐತಿ."

"ಕುಡಿ."

"ಬ್ಯಾರೇ ಥರಾ ಕಹಿ ಐತಪಾ."

ಭರಮಪ್ಪ ಅವನ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟ. "ಎಳೀ ಹಸುಗೂಸು ಇದ್ದಾಗ ಬೇವು ಕುಡದು ನಕ್ಕಾಂವ ನೀ. ಎಲ್ಲಾರೂ ನೋಡಾಕತ್ತಾರ. ಕುಡಿ."

ಬೀರಲಿಂಗ ಕುಡಿದ. ಒಂದೇ ಉಸಿರಿಗೆ, ಚರಿಗೆ ಬರಿದಾಗುವ ತನಕ. ಮುಖದ ಒಂದು ನರವೂ ಅಲುಗಲಿಲ್ಲ. ಕಣ್ಣಂಚಿನಲ್ಲಿ ನೀರು ಬಂತು, ಅಷ್ಟೆ. ಚರಿಗೆ ಕೆಳಗಿಟ್ಟು ಅಪ್ಪನ ಕಡೆ ನೋಡಿ ನಕ್ಕ. ಭರಮಪ್ಪನ ಎದೆ ಉಬ್ಬಿತು.

ಸಾಮು ಶುರುವಾಗಿ ಸ್ವಲ್ಪ ಹೊತ್ತಿಗೇ ಬೀರಲಿಂಗ ಹೊಟ್ಟೆ ಹಿಡಿದು ಮಡಚಿ ಬಿದ್ದ. ಹೊಟ್ಟೆಯೊಳಗೆ ಯಾರೋ ಕುಡುಗೋಲು ಆಡಿಸಿದಂತೆ ಒದ್ದಾಡಿದ. ಬಾಯಿ ತನಕ ವಾಂತಿ ಬಂತು. ಆಗ ಅವನು ಮಾಡಿದ್ದನ್ನು ಭರಮಪ್ಪ ಸಾಯುವ ತನಕ ಮರೆಯಲಾರ. ಮಣ್ಣಿನ ಮೇಲೆ ಬೀಳಬಾರದೆಂದು ಆ ಹುಡುಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಬಂದದ್ದನ್ನು ಮತ್ತೆ ನುಂಗಿ, ಮೊಣಕಾಲ ಮೇಲೆ ಕಣದ ಅಂಚಿಗೆ ತೆವಳಿದ. ಮತ್ತೆ ಬಂತು, ಮತ್ತೆ ನುಂಗಿದ. ಅಂಚು ಮುಟ್ಟುವ ಮೊದಲೇ ಬೆರಳ ಸಂದಿನಿಂದ ಹಸಿರು ಚಿಮ್ಮಿತು. ಅದರ ಹಿಂದೆಯೇ ಕೆಂಪು. ಕೆಂಪು ಮಣ್ಣಿನ ಮೇಲೆ ರಕ್ತ ಮೊದಲಿಗೆ ಕಾಣಲೇ ಇಲ್ಲ. ಅಷ್ಟು ಜಾಗ ಒದ್ದೆಯಾಗಿದೆ ಎಂದಷ್ಟೇ ಕಂಡಿತು.

"ತಪ್ಪಾತಪಾ," ಎಂದ ಬೀರಲಿಂಗ. ಮಣ್ಣು ಹೊಲಸಾಯಿತಲ್ಲ, ಅದಕ್ಕೆ.

ಹುಡುಗರು ಕೂಗುತ್ತ ಈರಬಸಪ್ಪ ಗೌಡರ ಮನೆಗೆ ಓಡಿದರು. ಊರಲ್ಲಿ ಆ ಹೊತ್ತಿಗೆ ಗಾಡಿ ಇದ್ದದ್ದು ಅಲ್ಲಿಯೇ. ಪಿಕಪ್ ತಂದವನು ಗೌರೀಶ. ಎಡಗಿವಿಯಲ್ಲಿ ಅರಳೆ ತುರುಕಿತ್ತು. ಬೀರಲಿಂಗನನ್ನು ಎರಡು ತೋಳಲ್ಲಿ ಎತ್ತಿದ, ನಿನ್ನೆ ಎತ್ತಿ ಒಗೆದ ಸೊಂಟವನ್ನೇ ಇಂದು ಮೆಲ್ಲಗೆ ಹಿಡಿದು ಹಿಂದೆ ಮಲಗಿಸಿದ. ಮಗನ ತಲೆಯನ್ನು ದುರ್ಗವ್ವ ತೊಡೆಯ ಮೇಲೆ ಇಟ್ಟುಕೊಂಡಳು. ಭರಮಪ್ಪ ಮುಂದೆ ಕೂತ. ದಾರಿಯಲ್ಲಿ ಎರಡು ಮೂರು ಸಲ, "ಗೌರೀಶಾ, ಜೋರ್ ಬಿಡು, ಗೌರೀಶಾ, ಅಂವಗೇನೂ ಆಗಂಗಿಲ್ಲಲಾ?" ಎಂದು ಕೇಳಿದ. ಹುಡುಗ ತಿರುಗಿ ನೋಡಲಿಲ್ಲ, ದಾರಿ ನೋಡಿಕೊಂಡೇ ಗಾಡಿ ಹೊಡೆದ. ಸಿಟ್ಟು ಇಟ್ಟುಕೊಂಡಿದ್ದಾನೆ, ಇಟ್ಟುಕೊಳ್ಳಲಿ ಎಂದುಕೊಂಡ ಭರಮಪ್ಪ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬೀರಲಿಂಗನನ್ನು ಒಳಗೆ ಒಯ್ದರು. ರಕ್ತದೊತ್ತಡ ಪಾತಾಳಕ್ಕೆ ಇಳಿದಿತ್ತು. ಶಬನಮ್ ಎಂಬ ಡಾಕ್ಟರ್ ಹೊರಗೆ ಬಂದು, ಏನು ಕುಡಿದ, ಎಷ್ಟು ಕುಡಿದ ಎಂದು ಕೇಳಿದರು. ಭರಮಪ್ಪ ಹೇಳಿದ.

"ರಸ ಕಹಿ ಇತ್ತೇನ್ರಿ?"

"ಇತ್ರಿ. ಭಾಳ ಕಹಿ ಇತ್ತು."

"ಹಾಲಗುಂಬಳ ಕಹಿ ಆತಂದ್ರ ಅದು ವಿಷಾರಿ. ಎಲ್ಲಾ ಕಾಯಿ ಹಂಗಿರಂಗಿಲ್ಲ, ಯಾವುದೋ ಒಂದು ಹಂಗ ಆಗಿರತೈತಿ. ಹೊರಗಿಂದ ನೋಡಿದ್ರ ಗೊತ್ತಾಗಂಗಿಲ್ಲ, ನಾಲಿಗಿಗಷ್ಟ ಗೊತ್ತಾಗತೈತಿ." ಡಾಕ್ಟರ್ ಅವನ ಮುಖವನ್ನೇ ನೋಡಿದರು. "ಅಷ್ಟು ಕಹಿ ಇದ್ರ ಹಸುಗೂಸು ಸುದ್ದಾ ಉಗಳತೈತ್ರಿ. ಇಂವ ಯಾಕ ಉಗಳಲಿಲ್ಲ?"

ಭರಮಪ್ಪ ಮಗನನ್ನು ಒಯ್ದ ಬಾಗಿಲ ಕಡೆ ತಿರುಗಿದ.

"ಇದಕ್ಕ ಬ್ಯಾರೆ ಮದ್ದಿಲ್ರಿ. ಸಲಾಯಿನ್ ಏರಿಸಿ, ರಕ್ತಾ ಕೊಟ್ಟು ಕಾಯೂದು. ಉಳೀತಾನಂತ ಈಗ ಹೇಳಾಕ ಬರಂಗಿಲ್ಲ," ಎಂದು ಅವರು ಒಳಗೆ ಹೋದರು.

ದುರ್ಗವ್ವ ಅದುವರೆಗೆ ಗೋಡೆಗೆ ಒರಗಿ ನಿಂತಿದ್ದಳು. ಮೈಮೇಲಿನ ಸೀರೆಯೆಲ್ಲ ಮಗನ ವಾಂತಿ, ರಕ್ತ. ಕೈಯಲ್ಲಿ ನೀರಿಗೆಂದು ತಂದ ಹಿತ್ತಾಳೆಯ ತಂಬಿಗೆ. ಬಂದವಳೇ ಅದನ್ನು ಎತ್ತಿ ಗಂಡನ ಹಣೆಗೆ ಜಪ್ಪಿದಳು. ಹುಬ್ಬು ಒಡೆಯಿತು. ಮತ್ತೆ ಜಪ್ಪಿದಳು. "ಕಹಿ ಐತಪಾ ಅಂದನಂತ! ಎರಡ ಸಲಾ ಅಂದನಂತ! ಆ ಹುಡುಗೂರು ಹೇಳಿದ್ರು ನನಗ! ನಿನ್ನ ಕಿವಿಯಾಗ ಏನ್ ಸುರಕೊಂಡಿದ್ದಿ ಹಾಳಾದವನ? ನನ್ನ ಮಗನ್ನ ಕೊಡು! ನನಗ ನನ್ನ ಮಗನ್ನ ಕೊಡು!" ಕಾವಲಿನವನು ಓಡಿಬಂದು ಅವಳ ಕೈ ಹಿಡಿದ. ಭರಮಪ್ಪ ಕೈ ಅಡ್ಡ ತರಲಿಲ್ಲ. ರಕ್ತ ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ.

ಆದರೆ ಮನುಷ್ಯನ ಮನಸ್ಸು ನೋಡಿ, ಎಂಥ ಖೋಡಿ! ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುವ ಮೊದಲು ಇನ್ನೊಂದು ಬೆನ್ನು ಹುಡುಕುತ್ತದೆ. ಆ ಪೇಪರಿನ ಕಚೇರಿ ಹುಬ್ಬಳ್ಳಿಯಲ್ಲೇ ಇದೆ ಎಂಬುದು ಭರಮಪ್ಪನಿಗೆ ನೆನಪಾಯಿತು. ಸುದ್ದಿಯ ಕೆಳಗೆ ‘ಪ್ರಭು’ ಎಂಬ ಹೆಸರಿದ್ದದ್ದೂ ನೆನಪಾಯಿತು. ಆಟೊ ಹತ್ತಿದ.

ಕಚೇರಿ ಎಂದರೆ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ. "ಪ್ರಭು ಅಂದ್ರ ಯಾವನಲೇ?" ಎಂಬ ಗರ್ಜನೆಗೆ ಒಬ್ಬ ಸಣಕಲ ಎದ್ದು ನಿಂತ. ಚಹಾದ ಕಪ್ಪು ಇನ್ನೂ ಕೈಯಲ್ಲೇ ಇತ್ತು. ಭರಮಪ್ಪನ ಮೊದಲ ಗುದ್ದಿಗೆ ಕಪ್ಪು ಗೋಡೆಗೆ ಹೋಯಿತು, ಎರಡನೆಯದಕ್ಕೆ ತುಟಿ ಸೀಳಿತು. ಅವನನ್ನು ಕೊರಳುಪಟ್ಟಿ ಹಿಡಿದು ಎತ್ತಿ ಮೇಜಿನ ಮೇಲೆ ಚಿತ್ ಮಾಡಿದ. ಕಂಪ್ಯೂಟರು ಕೆಳಗೆ ಬಿದ್ದು ಒಡೆಯಿತು. ಉಳಿದವರು ಹಣೆಯಿಂದ ರಕ್ತ ಸುರಿಯುತ್ತಿರುವ ಆ ಆಳನ್ನು ನೋಡಿ ಮೆಟ್ಟಿಲಿನತ್ತ ಓಡಿದರು.

"ಹಾಲಗುಂಬಳದ ರಸಾ ಕುಡೀರಿ ಅಂತ ಬರದಿ. ನನ್ನ ಮಗಾ ಆ ಕಹೀ ರಸಾ ಕುಡದು ರಕ್ತಾ ಕಾರಾಕತ್ತಾನ. ಯಾರ ಮ್ಯಾಲ ನೋಡಿದ್ರಲೇ ಅದನ್ನ? ಯಾರ ಮ್ಯಾಲ?"

ಕೇಳಿದ ಮೇಲೆ ಅವನಿಗೇ ಗೊತ್ತಾಯಿತು, ಇದು ಗೌರೀಶನ ಮಾತು.

"ಇಲೀ ಮ್ಯಾಲ್ರಿ," ಎಂದ ಪ್ರಭು, ಉಸಿರು ಸಿಕ್ಕಿಕೊಂಡ ದನಿಯಲ್ಲಿ. "ಏಳನೇ ಪುಟದಾಗ ಬರದೇನ್ರಿ, ಇಲೀ ಮ್ಯಾಲ ನೋಡಿದ್ದು ಅಂತ ಬರದೇನಿ!"

"ಇಲಿ?"

"ಬಿಳೀ ಇಲಿ. ಹನ್ನೆರಡು. ಕಾಯಿ ಒಣಗಿಸಿ ಮಾಡಿದ ಪುಡೀನ ಕೂಳಿನಾಗ ಕಲಿಸಿ ಹಾಕ್ಯಾರ್‍ರಿ. ರಸಾ ಅಲ್ಲ."

"ಐದ್ ಕಿಲೊ ಅಂತಿತ್ತಲ್ಲಲೇ ಮ್ಯಾಲೆ? ಐದ್ ಕಿಲೊ ಇಲಿ ಎಲ್ಲಿ ನೋಡಿದಿ ನೀ?"

ಪ್ರಭುವಿನ ಕಣ್ಣಲ್ಲಿ ನೀರು ತುಂಬಿತು. "ಇಲೀ ಲೆಕ್ಕಾನ ಮನಷ್ಯಾರಿಗೆ ಹಚ್ಚಿದ್ವಿ. ಹೆಡ್ಡಿಂಗ್ ಗಟ್ಟಿ ಇರಲಿ ಅಂದ್ರು ಮ್ಯಾಲಿನವರು. ದಿನಾ ನಾಕು ಸುದ್ದಿ ಕೊಡಬೇಕ್ರಿ ನಾ. ಎಲ್ಲಾ ಪೂರಾ ಓದಾಕ ಎಲ್ಲಿ ಆಗತೈತಿ?"

"ಈಗ ಓದು."

ಮೇಜಿನ ಮೇಲೆ ಬಿದ್ದಲ್ಲೇ, ಮೊಬೈಲಿನಲ್ಲಿ ಹುಡುಕಿ, ಸುದ್ದಿಗೆ ಮೂಲವಾದ ವಿಜ್ಞಾನಿಗಳ ಇಂಗ್ಲಿಷ್ ಬರಹವನ್ನು ಅವನು ಕನ್ನಡದಲ್ಲಿ ಹೇಳುತ್ತ ಹೋದ. ಒಂದು ಕಡೆ ನಿಂತ. ತುಟಿಯ ರಕ್ತ ನುಂಗಿಕೊಂಡ. "ಪುಡಿ ಕಲಿಸಿದ ಕೂಳನ್ನ ಇಲಿ ಕಮ್ಮಿ ತಿಂದಾವಂತ್ರಿ. ರುಚಿ ಹಿಡಿಸಿರಲಿಕ್ಕಿಲ್ಲ, ಅದಕ್ಕ ತೂಕ ಇಳದಿರಬಹುದು ಅಂತ ಅವರ ಬರದಾರ. ಇದನ್ನ ನಾ ಓದಿರಲಿಲ್ರಿ."

ಭರಮಪ್ಪನ ಹಿಡಿತ ಸಡಿಲಾಯಿತು. "ಅಂದ್ರ, ಇಲಿ ಬಾಯಿ ತಿರುವಿದ್ವು."

"ಹೌದ್ರಿ."

"ಇಲಿ ಬಾಯಿ ತಿರುವಿದ್ವು. ನನ್ನ ಮಗಾ ಕುಡದಾ."

ಭರಮಪ್ಪ ಮತ್ತೆ ಮುಷ್ಟಿ ಎತ್ತಿದ. ಪ್ರಭು ಕಣ್ಣು ಮುಚ್ಚಿಕೊಂಡ. "ಹೊಡೀರಿ. ನಂದೂ ತಪ್ಪೈತಿ. ಆದ್ರ ಅಷ್ಟು ಕಹಿ ಇದ್ದದ್ದನ್ನ ಯಾರರೆ ಕುಡೀತಾರಂತ ನಮಗ ಕನಸು ಬಿದ್ದಿತ್ತೇನ್ರಿ? ಕುಡಿಸಿದಾಂವ ನಾ ಅಲ್ಲಲ್ರಿ."

ಮುಷ್ಟಿ ಗಾಳಿಯಲ್ಲೇ ನಿಂತಿತು. ಎತ್ತಿದ ಕೈಯನ್ನು ಭರಮಪ್ಪ ಜೀವಮಾನದಲ್ಲಿ ಮೊದಲ ಸಲ ಏನೂ ಮಾಡದೆ ಇಳಿಸಿದ. ಮೆಟ್ಟಿಲಿಳಿದು ಹೋದ.

ಬೀರಲಿಂಗ ಉಳಿದ. ದೇವರು ದೊಡ್ಡವನು ಅನ್ನಿ, ಡಾಕ್ಟರು ದೊಡ್ಡವರು ಅನ್ನಿ, ಆ ಮೈಯಲ್ಲಿದ್ದ ವರ್ಷಗಳ ಕಸುವು ದೊಡ್ಡದು ಅನ್ನಿ. ಐದಾರು ದಿನ ರಕ್ತ ಕಾರಿ, ರಕ್ತ ಹೋಗಿ, ಕಣ್ಣು ಗುಣಿಗಿಳಿದು, ಕೊನೆಗೆ ಒಂದು ಬೆಳಿಗ್ಗೆ ಗಂಜಿ ಬೇಡಿದ. ಮನೆಗೆ ಕಳಿಸುವ ದಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಅರವತ್ತೊಂಬತ್ತು. ಆಯ್ಕೆ ಕುಸ್ತಿ ಅದಾಗಲೇ ಮುಗಿದುಹೋಗಿತ್ತು. ಡಾಕ್ಟರು, ಒಂದು ವರ್ಷ ಮಣ್ಣಿನ ಹೆಸರೆತ್ತಬೇಡಿ ಎಂದಿದ್ದರು.

"ನೋಡು, ತೂಕ ಇಳೀತಲ್ಲ," ಎಂದಳು ದುರ್ಗವ್ವ ಗಂಡನಿಗೆ. "ಪೇಪರಿನಾಗ ಬಂದದ್ದು ಖರೇ ಆತು. ಈಗ ತೊಡಿ ತಟ್ಟು."

ಮನೆ ಮುಟ್ಟಿದ ತಕ್ಷಣ ಅವಳು ಕುಡುಗೋಲು ತೆಗೆದುಕೊಂಡು ಗರಡಿಯ ತಗಡು ಹತ್ತಿದಳು. ಬುಡ ಕಡಿದಳು, ಕುಡಿ ಕಡಿದಳು, ಕಾಯಿಗಳನ್ನು ಒಂದೊಂದಾಗಿ ಸೀಳಿ ಒಗೆದಳು. ತಾನೇ ನೀರು ಹೊತ್ತು ಬೆಳೆಸಿದ ಬಳ್ಳಿ! ತಗಡಿನ ಮೇಲೆ ಕುಡುಗೋಲಿನ ಸದ್ದು ಊರಿಗೆಲ್ಲ ಕೇಳಿತು, ಯಾರೂ ಬೇಡ ಅನ್ನಲಿಲ್ಲ. ಕೆಳಗೆ ಬಿದ್ದ ಹೋಳುಗಳಲ್ಲಿ ಹಿಂದಿನ ಗೋಡೆಯ ಕಡೆಯದೊಂದನ್ನು ಭರಮಪ್ಪ ಎತ್ತಿ ಇಟ್ಟುಕೊಂಡ.

ಮರುದಿನ ಹುಡುಗರನ್ನೆಲ್ಲ ಕಣದಲ್ಲಿ ನಿಲ್ಲಿಸಿದ. ಕಲ್ಲಿನ ಮೇಲೆ ಪೇಪರು ಇರಲಿಲ್ಲ. ಬೀರಲಿಂಗ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದ. ಗೌರೀಶ ಗೆಳೆಯನನ್ನು ನೋಡಲೆಂದು ಬಂದವನು ಬಾಗಿಲ ಹೊರಗೇ ನಿಂತಿದ್ದ, ಒಳಗೆ ಕಾಲಿಟ್ಟಿರಲಿಲ್ಲ; ಕರೆದಾಗ ಬಾ ಎಂದಿದ್ದರಲ್ಲ. ಭರಮಪ್ಪ ಆ ಹೋಳನ್ನು ಉಗುರಿನಷ್ಟುದ್ದ ಚೂರು ಮಾಡಿ ಎಲ್ಲರ ಕೈಗೂ ಕೊಟ್ಟ.

"ನಾಲಿಗಿ ಮ್ಯಾಲ ಇಡ್ರಿ. ನುಂಗಬ್ಯಾಡ್ರಿ. ಕಹಿ ಹತ್ತಿದ್ರ ಉಗಳ್ರಿ."

ಇಟ್ಟರು. ಕ್ಷಣದಲ್ಲಿ ಎಲ್ಲರ ಕಣ್ಣೂ ತುಂಬಿದವು, ಗಂಟಲು ಏರಿಳಿದವು. ಒಬ್ಬನೂ ಉಗುಳಲಿಲ್ಲ. ಮುಖ ಕಿವುಚದೆ ಸಾಲಾಗಿ ನಿಂತು ಉಸ್ತಾದನನ್ನೇ ನೋಡಿದರು. ಎಲ್ಲಿ ಉಗುಳಬೇಕು? ಕಾಲಡಿ ಇರುವುದು ಆ ಮಣ್ಣು. ಇದು ಯಾವುದೋ ಹೊಸ ಪರೀಕ್ಷೆ ಎಂದುಕೊಂಡಿರಬೇಕು.

"ಉಗಳ್ರಲೇ!" ಎಂದು ಭರಮಪ್ಪ ಚೀರಿದ. ಮುಂದಿದ್ದವನ ದವಡೆ ಹಿಡಿದು ಅಲುಗಿಸಿದ. "ಉಗಳ್ರಲೇ ಹುಚ್ಚ ನನಮಕ್ಕಳ್ರಾ!" ಆ ಹುಡುಗ ಹೆದರಿ ನುಂಗಲು ಹೋದ. ಅವನ ಗಂಟಲು ಅಲುಗಿದ್ದನ್ನು ಕಂಡು ಭರಮಪ್ಪನ ಜೀವ ಹಾರಿತು. ಅವನ ಬಾಯಿಗೆ ಬೆರಳು ಹಾಕಿ ಚೂರನ್ನು ಕಿತ್ತು ತೆಗೆದ. ಇಷ್ಟು ವರ್ಷ ತಾನು ಕಲಿಸಿದ್ದು ಎಷ್ಟು ಆಳಕ್ಕೆ ಇಳಿದಿದೆ ಎಂದು ಆಗ ಕಂಡಿತು. ಆ ಚೂರನ್ನು ತನ್ನ ಬಾಯಿಗೇ ಹಾಕಿಕೊಂಡು, ಮುಖ ಕಿವುಚಿ, ದಿನಾ ಹಣೆಗೆ ಹಚ್ಚಿಕೊಳ್ಳುವ ಮಣ್ಣಿನ ಮೇಲೆ ‘ಥೂ’ ಎಂದು ಉಗುಳಿದ.

ಅದಾದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಉಗುಳಿದರು. ಗೋಡೆಯ ಬಳಿ ಬೀರಲಿಂಗ ಮುಖ ಬೇರೆ ಕಡೆ ತಿರುಗಿಸಿಕೊಂಡ.

ಭರಮಪ್ಪ ಬಾಗಿಲ ಕಡೆ ನೋಡಿ, "ಗೌರೀಶಾ, ಒಳಗ ಬಾ," ಎಂದ. ಗೌರೀಶ ಹೊರಗೆ ನೋಡುತ್ತ ನಿಂತೇ ಇದ್ದ. ಮತ್ತೊಮ್ಮೆ ಕರೆದ. ಅಲುಗಲಿಲ್ಲ.

"ಎಡಗಿವಿ ಕಡೆ ಕರದ್ರ ಕೇಳಂಗಿಲ್ಲಪಾ ಅಂವಗ," ಎಂದ ಬೀರಲಿಂಗ. "ಕಿವಿ ಪಡದಿ ಹರದೈತಿ. ಬಲಗಡೆಯಿಂದ ಕರಿ."

ಗಾಡಿಯಲ್ಲಿ ಅಂದು ಹುಡುಗ ಯಾಕೆ ಮಾತಾಡಲಿಲ್ಲ ಎಂಬುದು ಭರಮಪ್ಪನಿಗೆ ಈಗ ತಿಳಿಯಿತು. ಕಣ ದಾಟಿ, ಬಾಗಿಲು ದಾಟಿ, ಅವನ ಬಲಗಡೆಗೆ ಹೋಗಿ ನಿಂತ. ಗೌರೀಶ ಬೆಚ್ಚಿ, ಏಟು ಬೀಳುತ್ತದೆಂದು ತಲೆ ತಗ್ಗಿಸಿದ. ಅದನ್ನು ನೋಡಿ ಭರಮಪ್ಪ ತನ್ನ ಬಲಗೈಯನ್ನು ಬೆನ್ನ ಹಿಂದಕ್ಕೆ ಒಯ್ದ.

"ಒಳಗ ನಡಿ," ಎಂದ. ಕೈ ಹಿಡಿದು ಎಲ್ಲರ ಎದುರಿಗೆ ತಂದು ನಿಲ್ಲಿಸಿದ. "ಅವತ್ತ ಏನೋ ಕೇಳಿದ್ದಿ. ನಾ ಹೇಳಲಿಲ್ಲ. ಈಗ ಕೇಳು, ಎಲ್ಲಾರ ಮುಂದ ಕೇಳು."

ಗೌರೀಶ ಬೀರಲಿಂಗನ ಕಡೆ ನೋಡಿದ. ಬೀರಲಿಂಗ ತಲೆಯಾಡಿಸಿದ.

"ಯಾರ ಮ್ಯಾಲ ನೋಡ್ಯಾರ್‍ರಿ?" ಎಂದು ಕೇಳಿದ ಗೌರೀಶ, ಮೆಲ್ಲಗೆ.

"ನನ್ನ ಮಗನ ಮ್ಯಾಲ," ಎಂದ ಭರಮಪ್ಪ.

"ಎಷ್ಟ್ ಮಂದಿ ಮ್ಯಾಲ್ರಿ?"

"ಒಬ್ಬನ ಮ್ಯಾಲ. ನನಗ ಇರಾಂವ ಅವನೊಬ್ಬನ."

ರಸ ಕುಡಿಯದವರ ಬಗ್ಗೆ ಅಂದು ಕೇಳಿದ್ದ ಮೂರನೇ ಪ್ರಶ್ನೆಯನ್ನು ಗೌರೀಶ ಕೇಳಲಿಲ್ಲ. ಭರಮಪ್ಪ ಮೊಣಕಾಲೂರಿ, ಉಗುಳು ಬಿದ್ದ ಮಣ್ಣನ್ನು ಎರಡೂ ಕೈಯಿಂದ ಬಾಚಿ ಹೊರಗೆ ಹಾಕತೊಡಗಿದ.